ಸೀಟಿನಡಿಯ ನಡುಕ: ಯಶವಂತಪುರದ ಗ್ಯಾರೇಜೊಂದರ ಕಂಪನ ತಪಾಸಣೆ

ನಾನು ಕೊಂಡ ಸೆಕೆಂಡ್ ಹ್ಯಾಂಡ್ ಕಾರು 2013ರ ಜರ್ಮನ್ ಸೆಡಾನ್. 2 ಲೀಟರಿನ ಟರ್ಬೊ ಪೆಟ್ರೋಲ್ ಎಂಜಿನ್, 245 ಅಶ್ವಶಕ್ತಿ, ಜೆಡ್‌ಎಫ್ ಕಂಪನಿಯ 8 ಗೇರುಗಳ ಆಟೊಮ್ಯಾಟಿಕ್. ಶಕ್ತಿಯೆಲ್ಲ ಹೋಗುವುದು ಹಿಂದಿನ ಚಕ್ರಗಳಿಗೆ. ಊರೊಳಗೆ ಗೊತ್ತಾಗದ ದೋಷ ತುಮಕೂರು ರಸ್ತೆಗೆ ಇಳಿದ ದಿನವೇ ಬಯಲಾಯಿತು. ವೇಗ 80 ದಾಟಿದರೆ ಸೀಟು ಮತ್ತು ನೆಲ ಸಣ್ಣಗೆ ಗುಂಯ್‌ಗುಡುತ್ತಿದ್ದವು. ಆಕ್ಸಿಲರೇಟರ್ ಒತ್ತಿದರೆ ನಡುಕ ಹೆಚ್ಚುತ್ತಿತ್ತು, ಕಾಲು ತೆಗೆದರೆ ಇಳಿಯುತ್ತಿತ್ತು. ಒಂದು ಕಡೆ ಎರಡು ಬಾರಿ ವೀಲ್ ಬ್ಯಾಲೆನ್ಸಿಂಗ್ ಮಾಡಿ, ನಾಲ್ಕೂ ಟೈರ್ ಬದಲಿಸಬೇಕೆಂದರು. ಇನ್ನೊಂದು ಕಡೆ, ಕಾರನ್ನು ಓಡಿಸಿಯೂ ನೋಡದೆ, ಎಂಜಿನ್ ಮೌಂಟ್‌ಗಳಿಗೆ (ಎಂಜಿನ್ನನ್ನು ಹಿಡಿದಿರುವ ರಬ್ಬರ್ ಆಧಾರಗಳಿಗೆ) ಅಂದಾಜು ಪಟ್ಟಿ ಕೈಗಿತ್ತರು.

ಯಶವಂತಪುರದ ಬಳಿಯ ಈ ಸ್ವತಂತ್ರ ಗ್ಯಾರೇಜಿಗೆ ಹೋದದ್ದು ಗೆಳೆಯರೊಬ್ಬರ ಮಾತಿನ ಮೇಲೆ. ಅಲ್ಲಿನ ಹಿರಿಯ ಮೆಕ್ಯಾನಿಕ್ ಮೊದಲು ಕೇಳಿದ್ದು ನಡುಗುವುದು ಸ್ಟೀರಿಂಗೋ ಸೀಟೋ ಎಂಬುದನ್ನು. "ಮುಂದಿನ ಚಕ್ರ ಆಗಿದ್ರೆ ನಿಮ್ಮ ಕೈಗೆ ಗೊತ್ತಾಗ್ತಿತ್ತು ಸರ್, ಇದು ಹಿಂದಿನ ಅರ್ಧದ್ದು" ಎಂದು ಹೇಳಿ, ಸೀಟಿನ ಹಳಿಗೂ ಗೇರ್‌ಬಾಕ್ಸಿನ ಕೆಳಗಿನ ಅಡ್ಡಪಟ್ಟಿಗೂ ಒಂದೊಂದು ಸೆನ್ಸರ್ ಅಂಟಿಸಿ, ಲ್ಯಾಪ್‌ಟಾಪನ್ನು ಸಹಾಯಕನ ತೊಡೆಯ ಮೇಲಿಟ್ಟು ಹೆದ್ದಾರಿಗೆ ಹೊರಟರು.

ಅವರ ಲೆಕ್ಕ ಇಲ್ಲಿ ವಿವರಿಸುವಷ್ಟು ಸೊಗಸಾಗಿದೆ. 225/45 ಆರ್17 ಟೈರಿನ ಸುತ್ತಳತೆ ಸುಮಾರು 2 ಮೀಟರ್. ಆದ್ದರಿಂದ ಗಂಟೆಗೆ 100 ಕಿ.ಮೀ. ವೇಗದಲ್ಲಿ ಚಕ್ರ ಸೆಕೆಂಡಿಗೆ 14 ಸುತ್ತು ತಿರುಗುತ್ತದೆ. ಹಿಂದಿನ ಚಕ್ರಗಳ ನಡುವಿನ ಗೇರುಪೆಟ್ಟಿಗೆಯಾದ ಡಿಫರೆನ್ಷಿಯಲ್‌ನ ಅನುಪಾತ ಈ ಕಾರಿನಲ್ಲಿ 3.15, ಅಂದರೆ ಚಕ್ರದ ಒಂದು ಸುತ್ತಿಗೆ ಶಾಫ್ಟಿನ 3.15 ಸುತ್ತು. ಆದ್ದರಿಂದ ಗೇರ್‌ಬಾಕ್ಸಿನಿಂದ ಹಿಂದಕ್ಕೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಅದೇ ಹೊತ್ತಿಗೆ 44 ಸುತ್ತು ತಿರುಗುತ್ತದೆ. ಪರದೆಯ ಮೇಲೆ ಎದ್ದು ಕಂಡ ಗೆರೆ 44 ಹರ್ಟ್ಸ್‌ನದು, ಅಂದರೆ ಸೆಕೆಂಡಿಗೆ 44 ಬಾರಿಯ ನಡುಕದ್ದು. ಆದರೆ 6ನೇ ಗೇರಿನಲ್ಲಿ ಎಂಜಿನ್ನೂ ಶಾಫ್ಟೂ ಒಂದೇ ವೇಗದಲ್ಲಿ ತಿರುಗುವುದರಿಂದ, ಆ ಗೇರಿನಲ್ಲಿ ಮಾತ್ರ ನೋಡಿದವರಿಗೆ ತಪ್ಪು ಎಂಜಿನ್ನಿನದೋ ಶಾಫ್ಟಿನದೋ ತಿಳಿಯುವುದೇ ಇಲ್ಲ. ಅದಕ್ಕಾಗಿ ಅವರು ಅದೇ 100ರಲ್ಲಿ 5ನೇ ಗೇರಿಗೂ 8ನೇ ಗೇರಿಗೂ ಬದಲಿಸಿ ನೋಡಿದರು. ಎಂಜಿನ್ ನಿಮಿಷಕ್ಕೆ ಸುಮಾರು 3,390 ಸುತ್ತಿನಿಂದ 1,760ಕ್ಕೆ ಇಳಿದರೂ ಆ ಗೆರೆ 44ರಿಂದ ಕದಲಲಿಲ್ಲ. ಎಂಜಿನ್ ಮೌಂಟಿನ ಮಾತು ಅಲ್ಲಿಗೆ ಮುಗಿಯಿತು. ಪಕ್ಕದಲ್ಲಿ 14 ಹರ್ಟ್ಸ್‌ನ ಚಿಕ್ಕ ಗೆರೆಯೊಂದಿತ್ತು; "ಹಿಂದಿನ ಒಂದು ಚಕ್ರದಲ್ಲೂ ಸ್ವಲ್ಪ ಇದೆ, ಅದು ಆಮೇಲೆ" ಎಂದು ಆಗಲೇ ತಿಳಿಸಿದ್ದರು.

ಲಿಫ್ಟಿಗೆ ಏರಿಸಿದ ಮೇಲೆ ಕಾರಣ ಕಣ್ಣಿಗೇ ಬಿತ್ತು. ಗೇರ್‌ಬಾಕ್ಸ್ ಮತ್ತು ಶಾಫ್ಟಿನ ನಡುವಿನ ರಬ್ಬರ್ ಕಪ್ಲಿಂಗ್ ಬೋಲ್ಟ್ ತೂತುಗಳ ಸುತ್ತ ಬಿರುಕು ಬಿಟ್ಟಿತ್ತು. ಎರಡು ತುಂಡಿನ ಶಾಫ್ಟನ್ನು ನಡುವೆ ಹಿಡಿದಿರುವ ಸೆಂಟರ್ ಬೇರಿಂಗಿನ ರಬ್ಬರ್ ಒಂದು ಬದಿ ಹರಿದು, ಶಾಫ್ಟ್ ತನ್ನ ಜಾಗದಿಂದ ಜೋತುಬಿದ್ದಿತ್ತು. ಬಿಸಿಲು, ಎಣ್ಣೆ, ವಯಸ್ಸು ಸೇರಿದರೆ ಯಾವ ಕಾರಿನ ರಬ್ಬರಿಗೂ ಬರುವ ಗತಿ ಇದು. ಬಿಚ್ಚುವ ಮೊದಲು ಶಾಫ್ಟಿಗೂ ಅದನ್ನು ಬೋಲ್ಟ್ ಮಾಡುವ ಫ್ಲ್ಯಾಂಜ್‌ಗಳಿಗೂ ಬಿಳಿ ಬಣ್ಣದ ಗುರುತು ಹಾಕಿದ್ದನ್ನು ನಾನು ವಿಶೇಷವಾಗಿ ಗಮನಿಸಿದೆ, ಏಕೆಂದರೆ ಜೋಡಿಸುವಾಗ ಶಾಫ್ಟ್ ಹಿಂದಿನ ಸ್ಥಾನದಲ್ಲೇ ಕೂರದಿದ್ದರೆ ಹೊಸ ಬಿಡಿಭಾಗದೊಂದಿಗೆ ಹೊಸ ನಡುಕವೂ ಬರಬಹುದು. ಹೊಸ ಕಪ್ಲಿಂಗಿನ ಮೇಲಿನ ಬಾಣಗಳು ಫ್ಲ್ಯಾಂಜಿನ ತೋಳುಗಳ ಕಡೆಗೇ ಮುಖ ಮಾಡಿವೆಯೇ ಎಂದು ಕೆಲಸಗಾರ ನನ್ನನ್ನು ಕರೆದು ತೋರಿಸಿದ. ಬಿಚ್ಚಿದ ಹಳೆಯ ನಟ್‌ಗಳನ್ನು ಮತ್ತೆ ಬಳಸದೆ ಹೊಸವನ್ನೇ ಹಾಕಿದರು.

ರಿಪೇರಿಯ ನಂತರದ ಓಟದಲ್ಲಿ 44ರ ಗೆರೆ ನೆಲಕ್ಕಂಟಿತ್ತು. ಉಳಿದದ್ದು 105ರ ಮೇಲೆ ಮಾತ್ರ ಕಾಣುವ ತೆಳು ಅಲುಗಾಟ. ಹೇಳಿದಂತೆಯೇ ಎಡ ಹಿಂಬದಿಯ ರಿಮ್ ಒಳಗಡೆ ಸೊಟ್ಟಗಾಗಿತ್ತು, ಬಹುಶಃ ನಮ್ಮದೇ ಯಾವುದೋ ಗುಂಡಿಯ ಕೊಡುಗೆ. ಮೊದಲ ಅಂಗಡಿಯವರು ಚಕ್ರವನ್ನು ಅನುಮಾನಿಸಿದ್ದು ಪೂರ್ತಿ ತಪ್ಪಲ್ಲ ಎಂದು ಒಪ್ಪಲೇಬೇಕು. ರಿಮ್ ತಿರುಗಿಸಿ ನೋಡದೆ ಟೈರ್ ಮಾರಲು ಹೊರಟದ್ದು ತಪ್ಪು.

ಕೊರತೆಗಳೂ ಇವೆ. ಮೂರು ದಿನ ಎಂದ ಕೆಲಸಕ್ಕೆ ಹನ್ನೊಂದು ದಿನ ಹಿಡಿಯಿತು. ಬೇರಿಂಗ್ ತಡವಾಗುವುದನ್ನು ತಿಳಿಸಲು ಅವರೇ ಒಮ್ಮೆಯೂ ಫೋನ್ ಮಾಡಲಿಲ್ಲ. 34,000 ರೂಪಾಯಿಯ ಬಿಲ್ಲಿನಲ್ಲಿ "ಶಾಫ್ಟ್ ಕೆಲಸ" ಎಂಬ ಒಂದೇ ಸಾಲಿತ್ತು, ಬಿಡಿಭಾಗಗಳ ಸಂಖ್ಯೆಗಳನ್ನು ಕೇಳಿ ಬರೆಸಿಕೊಳ್ಳಬೇಕಾಯಿತು. ತಪಾಸಣೆಗೆ ಪ್ರತ್ಯೇಕವಾಗಿ ಪಡೆದ 3,500 ರೂಪಾಯಿಯ ಬಗ್ಗೆ ನನ್ನ ತಕರಾರಿಲ್ಲ. ಬೇಡದ ನಾಲ್ಕು ಟೈರುಗಳ ಮುಂದೆ ಅದು ಏನೂ ಅಲ್ಲ. ಹೋಗುವವರು ಮೊದಲೇ ಸಮಯ ಗೊತ್ತುಮಾಡಿಕೊಳ್ಳಬೇಕು: ಹೆದ್ದಾರಿ ಖಾಲಿ ಇರುವಾಗಲೇ ಓಡಿಸಿ ನೋಡಬೇಕಾದ್ದರಿಂದ ಈ ತಪಾಸಣೆಯನ್ನು ಅವರು ಬೆಳಗ್ಗೆ 7ಕ್ಕೆ ಮಾತ್ರ ಮಾಡುತ್ತಾರೆ.