ಹಾಸನದ ಆಸ್ಪತ್ರೆಗೆ ಹೊರಗುತ್ತಿಗೆಯ ಕಂಪ್ಯೂಟರ್ ಸಿಬ್ಬಂದಿ: ಒಂದು ವರ್ಷ ಬಳಸಿದ ಮೇಲೆ

ಹಾಸನದಲ್ಲಿ 60 ಹಾಸಿಗೆಗಳ ಖಾಸಗಿ ಆಸ್ಪತ್ರೆಯೊಂದರ ಆಡಳಿತ ನೋಡಿಕೊಳ್ಳುವ ನಾನು, ಕಂಪ್ಯೂಟರ್ ವಿಭಾಗಕ್ಕೆ ಜನರನ್ನು ಒದಗಿಸುವ ಬೆಂಗಳೂರಿನ ಸಂಸ್ಥೆಯೊಂದರ ಸೇವೆಯನ್ನು ಒಂದು ವರ್ಷದಿಂದ ಪಡೆಯುತ್ತಿದ್ದೇನೆ. ಗುತ್ತಿಗೆ ಇನ್ನೂ ಜಾರಿಯಲ್ಲಿರುವುದರಿಂದ ಅದರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಇಂಥದೇ ಸೇವೆಯ ಯೋಚನೆಯಲ್ಲಿರುವವರಿಗೆ ಹೆಸರಿಗಿಂತ ಕರಾರಿನ ವಿವರಗಳೇ ಹೆಚ್ಚು ಉಪಯೋಗಕ್ಕೆ ಬಂದಾವು.

ಮೊದಲು ನಮ್ಮಲ್ಲಿ ಒಬ್ಬನೇ ಎಂಜಿನಿಯರ್ ಇದ್ದ. ಅವನು ಕೆಲಸ ಬಿಟ್ಟ ಮರುದಿನವೇ ಸರ್ವರ್‌ನ ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲವೆಂಬುದು ತಿಳಿಯಿತು. ಊರಿನಲ್ಲೇ 1960ರಿಂದ ಮಲೆನಾಡು ಎಂಜಿನಿಯರಿಂಗ್ ಕಾಲೇಜಿದ್ದರೂ ಅಲ್ಲಿ ಓದಿದವರು ನಾವು ಕೊಡುವ ಸಂಬಳಕ್ಕೆ ಇಲ್ಲಿ ನಿಲ್ಲುವುದಿಲ್ಲ. 2017ರಲ್ಲಿ ಶ್ರವಣಬೆಳಗೊಳದ ಮೇಲಿನ ನೇರ ರೈಲು ಮಾರ್ಗ ತೆರೆದ ಮೇಲಂತೂ ಬೆಂಗಳೂರು ಇನ್ನಷ್ಟು ಹತ್ತಿರವಾಗಿದೆ. ಹೀಗಾಗಿ ಹೊರಗಿನವರ ಮೊರೆ ಹೋದೆವು.

ಕರಾರಿನಲ್ಲಿ ಮೂರು ಭಾಗಗಳಿದ್ದವು: ಹಗಲು ಪಾಳಿಗೆ ಆಸ್ಪತ್ರೆಯಲ್ಲೇ ಇರುವ ಒಬ್ಬ ಎಂಜಿನಿಯರ್, ದಿನದ 24 ಗಂಟೆಯೂ ದೂರವಾಣಿಯ ನೆರವು ಮತ್ತು ಮೂರು ತಿಂಗಳಿಗೊಮ್ಮೆ ನಮ್ಮ ಸಿಬ್ಬಂದಿಗೆ ಎರಡು ದಿನಗಳ ತರಬೇತಿ. ನಾನು ಹಣ ಕೊಟ್ಟದ್ದು ಮೊದಲನೆಯದಕ್ಕಾಗಿ. ಮೂರನೆಯದು ಜೊತೆಗೆ ಬಂತೆಂದು ಒಪ್ಪಿಕೊಂಡಿದ್ದೆ, ಅಷ್ಟೆ.

ಎಂಜಿನಿಯರ್ ವಿಷಯದಲ್ಲಿ ನನಗೆ ಆದದ್ದು ನಿರಾಸೆಯೇ. ವರ್ಷದಲ್ಲಿ ಮೂವರು ಬಂದು ಹೋದರು. ಮೊದಲನೆಯವರು ನಿಜಕ್ಕೂ ಸಮರ್ಥರು. ರಕ್ತ ಪರೀಕ್ಷೆಯ ಯಂತ್ರದಿಂದ ಫಲಿತಾಂಶಗಳು ನೇರವಾಗಿ ರೋಗಿಯ ದಾಖಲೆಗೆ ಸೇರುವಂತೆ ಮಾಡಿದವರು ಅವರೇ. ಅಲ್ಲಿಯವರೆಗೆ ಲ್ಯಾಬ್‌ನವರು ಒಂದೊಂದೇ ಅಂಕಿಯನ್ನು ನೋಡಿ ಟೈಪ್ ಮಾಡುತ್ತಿದ್ದರು, ದಶಮಾಂಶ ಬಿಂದುವೊಂದು ಅತ್ತಿತ್ತ ಆದರೆ ವೈದ್ಯರ ಔಷಧದ ಪ್ರಮಾಣವೇ ತಪ್ಪುವ ಅಪಾಯವಿತ್ತು. ಆದರೆ ಅವರು ಬಿಟ್ಟುಹೋದಾಗ ಯಾವ ಪರೀಕ್ಷೆಗೆ ಯಾವ ಸಂಕೇತ ಕೊಟ್ಟಿದ್ದಾರೆಂಬುದನ್ನು ಎಲ್ಲಿಯೂ ಬರೆದಿಟ್ಟಿರಲಿಲ್ಲ, ಎರಡನೆಯವರು ತಮ್ಮ ಮೊದಲ ತಿಂಗಳನ್ನು ಅದನ್ನು ಹುಡುಕುವುದರಲ್ಲೇ ಕಳೆದರು. ಎರಡನೆಯವರಿಗೂ ಮೂರನೆಯವರಿಗೂ ನಡುವೆ 11 ದಿನ ಆ ಕುರ್ಚಿ ಖಾಲಿಯಿತ್ತು. ಹಾಸನಾಂಬೆಯ ದರ್ಶನದ ದಿನಗಳಾದ್ದರಿಂದ ಊರಿನಲ್ಲಿ ಲಾಡ್ಜ್ ಸಿಗುತ್ತಿಲ್ಲವೆಂಬುದು ಸಂಸ್ಥೆ ಕೊಟ್ಟ ಕಾರಣ. ಕಾರಣ ಸುಳ್ಳಲ್ಲ, ಆ ದಿನಗಳಲ್ಲಿ ಹಾಸನಕ್ಕೆ ಬಂದವರಿಗೆ ಅದು ಗೊತ್ತು. ಬದಲಿ ವ್ಯಕ್ತಿಯನ್ನು ಎಷ್ಟು ದಿನಗಳೊಳಗೆ ಕಳುಹಿಸಬೇಕೆಂದು ಕರಾರಿನಲ್ಲಿ ಬರೆಸದಿದ್ದದ್ದು ನನ್ನ ತಪ್ಪು.

ದೂರವಾಣಿಯ ನೆರವಿನ ಬಗ್ಗೆ ದೂರಿಲ್ಲ. ಒಮ್ಮೆ ರಾತ್ರಿ ಎರಡು ಗಂಟೆಗೆ ಸ್ಕ್ಯಾನ್ ಚಿತ್ರಗಳನ್ನು ಉಳಿಸುವ ಡಿಸ್ಕ್ ತುಂಬಿ ಹೊಸ ಚಿತ್ರ ತೆರೆಯದಾದಾಗ, ಪಾಳಿಯ ನರ್ಸ್ ಕರೆ ಮಾಡಿದ ಅರ್ಧ ಗಂಟೆಯೊಳಗೆ ಇಂಟರ್‌ನೆಟ್ ಮೂಲಕ ದೂರದಿಂದಲೇ ಸರಿಪಡಿಸಿದರು. ಇಂಟರ್‌ನೆಟ್ಟೇ ಹೋದರೆ ಈ ನೆರವೂ ಹೋಗುತ್ತದೆ. ಮಳೆಗಾಲದಲ್ಲಿ ಕೊಂಬೆ ಬಿದ್ದು ಕೇಬಲ್ ತುಂಡಾಗುವುದು ಇಲ್ಲಿ ಹೊಸದಲ್ಲ. ಬೇರೆ ಕಂಪನಿಯ ಎರಡನೇ ಸಂಪರ್ಕವೊಂದನ್ನು ನಾವೇ ಪಡೆದುಕೊಂಡೆವು.

ನನ್ನ ಲೆಕ್ಕ ತಪ್ಪಿದ್ದು ತರಬೇತಿಯ ವಿಷಯದಲ್ಲಿ. ಬಿಲ್ಲಿಂಗ್ ಕೌಂಟರಿನ ಒಬ್ಬ ಗುಮಾಸ್ತೆಯನ್ನೂ ಲ್ಯಾಬ್‌ನ ಒಬ್ಬ ತಂತ್ರಜ್ಞನನ್ನೂ ಕೂರಿಸಿದ್ದೆವು. ಇಬ್ಬರೂ ಊರಿನವರೇ, ಮನೆ-ಮಕ್ಕಳು ಇಲ್ಲೇ ಇರುವವರು. ಕೆಲಸ ಬಿಟ್ಟವರ ಖಾತೆಯನ್ನು ಅದೇ ದಿನ ಮುಚ್ಚುವುದು, ಇಡೀ ವಾರ್ಡಿಗೆ ಒಂದೇ ಪಾಸ್‌ವರ್ಡ್ ಇದ್ದುದನ್ನು ತೆಗೆದು ಪ್ರತಿಯೊಬ್ಬರಿಗೂ ಬೇರೆ ಬೇರೆ ಕೊಡುವುದು, ಬ್ಯಾಕಪ್ ಇದೆಯೆಂದು ನಂಬಿ ಕೂರದೆ ಅದನ್ನು ಇನ್ನೊಂದು ಯಂತ್ರದಲ್ಲಿ ತೆರೆದು ನೋಡುವುದು, ಇವನ್ನೆಲ್ಲ ಅವರು ಕಲಿತರು. ಮೊದಲ ಸಲ ತೆರೆದು ನೋಡಿದಾಗ ಹಿಂದಿನ ನಾಲ್ಕು ತಿಂಗಳ ಬ್ಯಾಕಪ್ ಖಾಲಿ ಫೈಲುಗಳೆಂದು ತಿಳಿದು ನನಗೆ ಬೆವರಿಳಿಯಿತು. 2022ರ ನವೆಂಬರ್‌ನಲ್ಲಿ ದೆಹಲಿಯ ಏಮ್ಸ್ ಮೇಲೆ ಸೈಬರ್ ದಾಳಿಯಾಗಿ ದಿನಗಟ್ಟಲೆ ಕಾಗದದ ಮೇಲೆ ಕೆಲಸ ನಡೆದದ್ದನ್ನು ಉದಾಹರಣೆಯಾಗಿಟ್ಟು, ನಮ್ಮಲ್ಲೂ ಕಂಪ್ಯೂಟರ್ ಇಲ್ಲದೆ ಅರ್ಧ ದಿನ ಹೊರರೋಗಿ ವಿಭಾಗವನ್ನು ನಡೆಸಿ ನೋಡಿದರು. ಚೀಟಿಗಳು ಮಧ್ಯಾಹ್ನಕ್ಕೇ ಮುಗಿದವು. ಈಗ ಅಚ್ಚು ಹಾಕಿಸಿದ ಕಟ್ಟುಗಳು ಪ್ರತಿ ಕೌಂಟರಿನಲ್ಲೂ ಇವೆ. ಆಯುಷ್ಮಾನ್ ಯೋಜನೆಯ ಪೂರ್ವಾನುಮೋದನೆಗೆ ಲಗತ್ತಿಸುವ ದಾಖಲೆಗಳನ್ನೂ ಆ ಗುಮಾಸ್ತೆಯೇ ಒಮ್ಮೆ ಪರಿಶೀಲಿಸಿ ಕಳುಹಿಸುವುದರಿಂದ, ಆಕ್ಷೇಪಣೆಯೊಂದಿಗೆ ಹಿಂದಿರುಗುವ ಕಡತಗಳು ಕಣ್ಣಿಗೆ ಕಾಣುವಷ್ಟು ಕಡಿಮೆಯಾಗಿವೆ.

ಒಂದು ವಿಷಯದಲ್ಲಿ ಮಾತ್ರ ಸಂಸ್ಥೆ ಜಾರಿಕೊಂಡಿತು. ಸೈಬರ್ ದಾಳಿಯಾದರೆ 6 ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ತಂಡವಾದ ಸರ್ಟ್-ಇನ್‌ಗೆ ತಿಳಿಸಬೇಕೆಂಬ 2022ರ ನಿರ್ದೇಶನವಿದೆ. ತಿಳಿಸುವವರು ಯಾರೆಂದು ಕೇಳಿದ್ದಕ್ಕೆ ಅದು ಆಸ್ಪತ್ರೆಯ ಹೊಣೆಯೆಂಬ ಒಂದು ಸಾಲಿನ ಉತ್ತರ ಬಂತು. ಒಬ್ಬ ಕಾಯಂ ಎಂಜಿನಿಯರ್‌ನ ಸಂಬಳದ ಹತ್ತಿರ ಹತ್ತಿರ ಎರಡು ಪಟ್ಟು ಶುಲ್ಕ ಪಡೆಯುವವರು ಇಷ್ಟಕ್ಕೆ ಕೈತೊಳೆದುಕೊಳ್ಳುವುದು ಸರಿಯಲ್ಲ.

ಬರುವ ವರ್ಷಕ್ಕೆ ಎಂಜಿನಿಯರ್‌ನನ್ನು ಕೈಬಿಟ್ಟು, ದೂರವಾಣಿಯ ನೆರವನ್ನು ಉಳಿಸಿಕೊಂಡು, ತರಬೇತಿಯನ್ನು ತಿಂಗಳಿಗೊಮ್ಮೆ ಮಾಡಿಸಬೇಕೆಂದಿದ್ದೇವೆ. ಉಳಿಯುವ ಹಣದಲ್ಲಿ ನಮ್ಮ ಇಬ್ಬರಿಗೂ ಹೆಚ್ಚುವರಿ ಭತ್ಯೆ ಕೊಡುತ್ತೇವೆ. ಮಾಡಿದ ಪ್ರತಿಯೊಂದು ಬದಲಾವಣೆಯನ್ನೂ ಕನ್ನಡದಲ್ಲಿ ಬರೆದಿಡುವ ದಿನಚರಿ ಪುಸ್ತಕ ಮತ್ತು ವೈದ್ಯಕೀಯ ನಿರ್ದೇಶಕರ ಬೀರುವಿನಲ್ಲಿ ಮೊಹರು ಮಾಡಿದ ಪಾಸ್‌ವರ್ಡ್ ಲಕೋಟೆ ಇರಬೇಕೆಂಬ ಎರಡು ಷರತ್ತುಗಳನ್ನೂ ಸೇರಿಸಿ ಹೊಸ ಕರಡನ್ನು ಕಳುಹಿಸಿದ್ದೇನೆ. ಸಂಸ್ಥೆಯಿಂದ ಇನ್ನೂ ಉತ್ತರ ಬಂದಿಲ್ಲ.