ಥರ್ಮೋಕಪಲ್‌ಗೆ ಮಾಮೂಲಿ ತಾಮ್ರದ ವೈರ್ ಎಳೆಯಬೇಡಿ

ಪೀಣ್ಯದಲ್ಲಿ ನಮ್ಮದೊಂದು ಸಣ್ಣ ಹೀಟ್ ಟ್ರೀಟ್‌ಮೆಂಟ್ ಶಾಪ್, ಸ್ಟೀಲನ್ನು ಫರ್ನೇಸ್‌ನಲ್ಲಿ ಕಾಯಿಸಿ ಗಟ್ಟಿ ಮಾಡುವ ಕೆಲಸ. ಫರ್ನೇಸ್ ಎಷ್ಟು ಕಾದಿದೆ ಅಂತ ಅಳೆಯುವ ಸೆನ್ಸರ್ರೇ ಥರ್ಮೋಕಪಲ್. ಹೋದ ಮಳೆಗಾಲದಲ್ಲಿ ಇಎನ್ 8 ಅನ್ನುವ ಸ್ಟೀಲ್‌ನ ಶಾಫ್ಟ್‌ಗಳ ಒಂದು ಲಾಟ್ ಹಾರ್ಡನಿಂಗ್‌ಗೆ ಬಂತು. 850 ಡಿಗ್ರಿಗೆ ಸೆಟ್ ಮಾಡಿ, ಅದೇ ಬಿಸಿಯಲ್ಲಿ ಸ್ವಲ್ಪ ಹೊತ್ತು ಸೋಕ್ ಕೊಟ್ಟು, ನೀರಿನಲ್ಲಿ ಅದ್ದಿ ಕ್ವೆಂಚ್ ಮಾಡಿದೆವು. 60ರಲ್ಲಿ 14 ಶಾಫ್ಟ್ ಕೀವೇ (ಕೀ ಕೂರಿಸುವ ಸೀಳು) ಮೂಲೆಯಲ್ಲಿ ಕ್ರ್ಯಾಕ್ ಬಿಟ್ಟವು.

ಮೊದಲು ಸ್ಟೀಲ್ ಕೊಟ್ಟವನನ್ನು ಬೈದೆ. ಆಮೇಲೆ ಫರ್ನೇಸ್ ಬಿಸಿ ಹಿಡಿದಿಡುವ ಕಂಟ್ರೋಲರ್ ಮೇಲೆ ಅನುಮಾನ ಬಂದು ಎರಡು ಸಲ ಆಟೋ ಟ್ಯೂನ್ ಮಾಡಿದೆ. ಸುಮ್ನೆ ದಂಡ. ಡಿಸ್‌ಪ್ಲೇ ಅಲುಗಾಡದೆ 850 ಅಂತಲೇ ತೋರಿಸುತ್ತಿತ್ತು. ನಮ್ಮ ಹಳೇ ಆಪರೇಟರ್ ಮಾತ್ರ, "ಇದು 850ರ ಬಣ್ಣ ಅಲ್ಲ ಸಾರ್, ಜಾಸ್ತಿ ಕಾದಿದೆ" ಅಂದರು. "ಕಣ್ಣಲ್ಲಿ ನೋಡಿ ಹೇಳೋ ಕಾಲ ಹೋಯ್ತು ಅಣ್ಣ" ಅಂದುಬಿಟ್ಟೆ. ಕೊನೆಗೆ ಕ್ಯಾಲಿಬ್ರೇಟ್ ಆದ ಇನ್ನೊಂದು ಪ್ರೋಬ್ ತರಿಸಿ ಒಳಗಿಟ್ಟೆವು. 893!

ಅದಕ್ಕೂ ತಿಂಗಳ ಹಿಂದೆ ಕಾಂಪೆನ್ಸೇಟಿಂಗ್ ಕೇಬಲ್ ಸುಟ್ಟುಹೋಗಿತ್ತು. ಥರ್ಮೋಕಪಲ್‌ನಿಂದ ಪ್ಯಾನೆಲ್‌ನ ಕಂಟ್ರೋಲರ್‌ವರೆಗೆ ಹೋಗುವ ಈ ಕೇಬಲ್, ಥರ್ಮೋಕಪಲ್ ಥರವೇ ವೋಲ್ಟೇಜ್ ಕೊಡುವ ಲೋಹದ್ದು. ಎಲೆಕ್ಟ್ರಿಷಿಯನ್ ಕೈಗೆ ಸಿಕ್ಕ ತಾಮ್ರದ ವೈರ್ ಎಳೆದಿದ್ದ. "ಸದ್ಯಕ್ಕೆ ಹಾಕಪ್ಪಾ, ಆಮೇಲೆ ನೋಡೋಣ" ಅಂದವನು ನಾನೇ.

ಥರ್ಮೋಕಪಲ್ ಬಿಸಿ ತುದಿಯ ಶಾಖವನ್ನಷ್ಟೇ ಅಳೆಯುತ್ತದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಅದು ಕೊಡುವುದು ಎರಡು ತುದಿಗಳ ವ್ಯತ್ಯಾಸಕ್ಕೆ ತಕ್ಕಷ್ಟು ವೋಲ್ಟೇಜ್. ಕೆ ಟೈಪ್ ಅನ್ನುವ ಬಗೆಯ ಥರ್ಮೋಕಪಲ್‌ನಲ್ಲಿ ಡಿಗ್ರಿಗೆ ಸುಮಾರು 41 ಮೈಕ್ರೋವೋಲ್ಟ್. ತಣ್ಣನೆಯ ತುದಿ ಪ್ಯಾನೆಲ್‌ನಲ್ಲಿದೆ ಅಂತ ನಂಬಿ ಕಂಟ್ರೋಲರ್ ಅಲ್ಲಿನ ಡಿಗ್ರಿಯನ್ನು ಕೂಡಿಸಿಕೊಳ್ಳುತ್ತದೆ. ತಾಮ್ರ ಹಾಕಿದರೆ ಆ ತುದಿ ಫರ್ನೇಸ್ ಪಕ್ಕದ ಹೆಡ್‌ನಲ್ಲೇ (ಥರ್ಮೋಕಪಲ್‌ಗೆ ಕೇಬಲ್ ಸೇರುವ ಡಬ್ಬಿ) ನಿಂತುಬಿಡುತ್ತದೆ. ನಮ್ಮ ಹೆಡ್ 75 ಡಿಗ್ರಿ, ಪ್ಯಾನೆಲ್ 32. ರೀಡಿಂಗ್ 43 ಡಿಗ್ರಿ ಕಮ್ಮಿ ಬಂತು, ಕಂಟ್ರೋಲರ್ ಪಾಪ ಅಷ್ಟನ್ನೂ ಕಾಯಿಸಿ ತುಂಬಿಸಿತು.

ಮೋಸ ಇರುವುದು ಇಲ್ಲಿ. ಬೆಳಿಗ್ಗೆ ಫರ್ನೇಸ್ ತಣ್ಣಗಿದ್ದಾಗ ಹೆಡ್ಡೂ ಪ್ಯಾನೆಲ್ಲೂ ಒಂದೇ ಬಿಸಿಯಲ್ಲಿರುತ್ತವೆ. ಆಗ ರೀಡಿಂಗ್ ಪಕ್ಕಾ ಸರಿ. ದಿನಾ ಬೆಳಿಗ್ಗೆ ಚೆಕ್ ಮಾಡಿ ರಿಜಿಸ್ಟರ್‌ನಲ್ಲಿ ಸೈನ್ ಹಾಕಿದ್ದೇ ಹಾಕಿದ್ದು. ಜಾಸ್ತಿ ಕಾದರೆ ಫರ್ನೇಸ್ ಆಫ್ ಮಾಡುವ ಓವರ್ ಟೆಂಪರೇಚರ್ ಟ್ರಿಪ್ ಕೂಡ ಅದೇ ಸೆನ್ಸರ್‌ನಿಂದ ಓದುತ್ತಿತ್ತು, ಅದು ಹೇಗೆ ಬಿದ್ದೀತು? ಈಗ ಟ್ರಿಪ್‌ಗೆ ಬೇರೆ ಪ್ರೋಬ್ ಹಾಕಿಸಿದ್ದೇನೆ.

ನಿಮ್ಮಲ್ಲೂ ಯಾರೋ ರಿಪೇರಿ ಮಾಡಿಹೋಗಿದ್ದರೆ ಹೀಗೆ ನೋಡಿ. ಫರ್ನೇಸ್ ತಣ್ಣಗಿರುವಾಗ ಹೆಡ್‌ಗೆ ಮಾತ್ರ ಹೇರ್ ಡ್ರೈಯರ್ ಹಿಡಿಯಿರಿ. ಕೇಬಲ್ ಸರಿಯಿದ್ದರೆ ರೀಡಿಂಗ್ ಹೆಚ್ಚುಕಮ್ಮಿ ಅಲ್ಲೇ ಇರುತ್ತದೆ. ತಾಮ್ರವಿದ್ದರೆ ಕೆಳಗಿಳಿಯುತ್ತದೆ. ಕೇಬಲ್‌ನ ಪ್ಲಸ್ ಮೈನಸ್ ಎರಡೂ ಕಡೆ ಅದಲುಬದಲಾಗಿದ್ದರೆ ಇನ್ನೂ ಜಾಸ್ತಿ ಇಳಿಯುತ್ತದೆ.

ಹೊಸ ಕೇಬಲ್ 12 ಅಡಿ ಸಾಕಾಯಿತು. 14 ಶಾಫ್ಟ್‌ಗಳ ದುಡ್ಡನ್ನು ಪಾರ್ಟಿಯವರು ನಮ್ಮ ಬಿಲ್‌ನಲ್ಲಿ ಹಿಡಿದುಕೊಂಡರು.