ಸ್ಲೋ ಕುಕ್ಕರ್‌ನಲ್ಲಿ ಪುಲ್ಡ್ ಪೋರ್ಕ್: ವರ್ಷಗಟ್ಟಲೆ ಬಳಸಿದ ಮೇಲೆ

ಪುಲ್ಡ್ ಪೋರ್ಕ್, ಅಂದರೆ ಮೆತ್ತಗೆ ಬೇಯಿಸಿ ಎಳೆ ಎಳೆಯಾಗಿ ಬಿಡಿಸಿದ ಹಂದಿಮಾಂಸ, ಮಾಡಲೆಂದೇ ಸ್ಲೋ ಕುಕ್ಕರ್ (ಸಣ್ಣ ಶಾಖದಲ್ಲಿ ಗಂಟೆಗಟ್ಟಲೆ ಬೇಯಿಸುವ ವಿದ್ಯುತ್ ಪಾತ್ರೆ) ತಗೊಳ್ಳಬಹುದಾ? ಧಾರಾಳವಾಗಿ ತಗೊಳ್ಳಿ. ಮಾಂಸ ಮೆತ್ತಗಾಗಿಸುವುದರಲ್ಲಿ ಇದನ್ನು ಮೀರಿಸುವ ಪಾತ್ರೆ ನನ್ನ ಅಡುಗೆಮನೆಯಲ್ಲಿ ಇನ್ನೊಂದಿಲ್ಲ. ಆದರೆ ಹೊಗೆಯಲ್ಲಿ ಬೆಂದ ಮಾಂಸದ ಮೇಲೆ ಕಟ್ಟುವ ಆ ಗರಿಗರಿ ಕಂದು ಪದರ ಇದರಲ್ಲಿ ಬರುವುದಿಲ್ಲ. ಅದು ಕುಕ್ಕರಿನ ತಪ್ಪಲ್ಲ. ಇರ್ವಿಂಗ್ ನ್ಯಾಕ್ಸನ್ 1940ರಲ್ಲಿ ಪೇಟೆಂಟ್ ಪಡೆದ ಈ ಸಾಧನದ ಹಿಂದೆ ಇದ್ದದ್ದೇ ರಾತ್ರಿಯಿಡೀ ಸಣ್ಣ ಶಾಖದಲ್ಲಿ ಬೇಯುವ ಕಾಳಿನ ಅಡುಗೆ. ಮುಚ್ಚಿದ ಪಾತ್ರೆಯೊಳಗಿನ ಹಬೆಯಲ್ಲಿ ಬೇಯುವುದು ಏನಿದ್ದರೂ ಒದ್ದೆಯಾಗಿಯೇ ಬೇಯುತ್ತದೆ.

ನನ್ನದು ಆರು ಲೀಟರಿನದು: ಅಂಡಾಕಾರದ ಪಿಂಗಾಣಿ ಪಾತ್ರೆ, ಗಾಜಿನ ಮುಚ್ಚಳ. ಅಂಡಾಕಾರದ್ದನ್ನೇ ಆರಿಸಿಕೊಳ್ಳಿ. ದುಂಡಗಿನದರಲ್ಲಿ ದೊಡ್ಡ ತುಂಡು ಮಲಗುವುದಿಲ್ಲ, ನೆಟ್ಟಗೆ ನಿಂತುಬಿಡುತ್ತದೆ.

ಯಂತ್ರಕ್ಕಿಂತ ಹೆಚ್ಚು ಗಮನ ಬೇಕಿರುವುದು ಮಾಂಸದ ಆಯ್ಕೆಯಲ್ಲಿ. ಹಂದಿಯ ಭುಜದ ಭಾಗವೇ ಬೇಕು, ಮೂಳೆ ಇದ್ದರೆ ಇನ್ನೂ ಒಳ್ಳೆಯದು. ಬೆನ್ನಿನ ಲಾಯ್ನ್ ಎಷ್ಟೇ ಚೆಂದ ಕಂಡರೂ ಅದರಲ್ಲಿ ಕೊಬ್ಬೂ ಕಡಿಮೆ, ನಾರೂ ಕಡಿಮೆ. ಎಂಟು ಗಂಟೆ ಬೆಂದರೆ ಒಣಗಿ ಪುಡಿಪುಡಿಯಾಗುತ್ತದೆ. ಭುಜದ ಗಟ್ಟಿ ನಾರಿನಲ್ಲಿರುವ ಕೊಲ್ಲಾಜೆನ್ ಎಂಬ ಪ್ರೋಟೀನ್ ನಿಧಾನವಾಗಿ ಕರಗಿ ಮೆತ್ತನೆಯ ಜೆಲಾಟಿನ್ ಆಗುವುದರಿಂದಲೇ ಆ ರಸಭರಿತ ಎಳೆಗಳು ಸಿಗುವುದು. ಹಂದಿಮಾಂಸದ ಇಡೀ ತುಂಡು ಒಳಗೆ 63 ಡಿಗ್ರಿ ಸೆಲ್ಸಿಯಸ್ ಮುಟ್ಟಿ ಮೂರು ನಿಮಿಷ ಕಳೆದರೆ ತಿನ್ನಲು ಸುರಕ್ಷಿತ, ನಿಜ. ಆದರೆ ಆಗ ಫೋರ್ಕ್ ಚುಚ್ಚಿ ಎಳೆದರೆ ಜಗ್ಗುತ್ತದೆಯೇ ಹೊರತು ಬಿಡಿಸಿಕೊಳ್ಳುವುದಿಲ್ಲ. ಒಳಗಿನ ಶಾಖ 90ರಿಂದ 95ಕ್ಕೆ ಬಂದಾಗಲೇ ಎಳೆ ಬಿಡುವುದು. ಥರ್ಮಾಮೀಟರ್ ಇಲ್ಲದಿದ್ದರೆ ಮೂಳೆ ಹಿಡಿದು ತಿರುಗಿಸಿ ನೋಡಿ. ಒಂದು ಚೂರೂ ಮಾಂಸ ಅಂಟದೆ ಮೂಳೆ ಬರಿದಾಗಿ ಕೈಗೆ ಬಂದರೆ ಆಯಿತು.

ಲೋನಲ್ಲಿ (ಸಣ್ಣ ಶಾಖ) ಎಂಟರಿಂದ ಹತ್ತು ಗಂಟೆ, ಹೈನಲ್ಲಿ (ಹೆಚ್ಚು ಶಾಖ) ಐದಾರು ಗಂಟೆ ಹಿಡಿಯುತ್ತದೆ. ಪುರುಸೊತ್ತಿದ್ದರೆ ಲೋ ಇಡಿ. ನಡುವೆ ಮುಚ್ಚಳ ತೆಗೆಯಬೇಡಿ, ತೆಗೆದಾಗೆಲ್ಲ ಇಪ್ಪತ್ತು ಮೂವತ್ತು ನಿಮಿಷ ಹೆಚ್ಚು ಬೇಯಿಸಬೇಕಾಗುತ್ತದೆ. ನೀರನ್ನೂ ಸುರಿಯಬೇಡಿ. ಉಪ್ಪು, ಪಾಪ್ರಿಕಾ (ಖಾರ ಕಡಿಮೆಯ ಕೆಂಪು ಮೆಣಸಿನ ಪುಡಿ), ಕಂದು ಸಕ್ಕರೆ, ಬೆಳ್ಳುಳ್ಳಿ ಪುಡಿ ಸವರಿ, ಕೆಳಗೆ ಈರುಳ್ಳಿ ಹಾಸಿ, ಅರ್ಧ ಕಪ್ ವಿನೆಗರ್ ಹಾಕಿದರೆ ಸಾಕು. ಮಿಕ್ಕ ರಸವನ್ನು ಮಾಂಸವೇ ಬಿಡುತ್ತದೆ.

ರುಚಿ ತುಂಬುವುದು ಇದಾದ ಮೇಲೆ. ಆ ರಸವನ್ನು ಸೋಸಿ, ಮೇಲೆ ತೇಲುವ ಕೊಬ್ಬು ತೆಗೆದು, ಒಲೆಯ ಮೇಲೆ ಅರ್ಧಕ್ಕಿಳಿಯುವ ತನಕ ಕುದಿಸಿ. ಮಾಂಸವನ್ನು ಎರಡು ಫೋರ್ಕ್‌ಗಳಿಂದ ಬಿಡಿಸಿ ತಟ್ಟೆಯಲ್ಲಿ ತೆಳ್ಳಗೆ ಹರಡಿ, ಸ್ವಲ್ಪ ರಸ ಚಿಮುಕಿಸಿ, ಓವನ್ನಿನ ಗ್ರಿಲ್ ಅಡಿ ಐದು ನಿಮಿಷ ಇಡಿ. ಎಳೆಗಳ ತುದಿ ಕಂದಾಗಿ ಚುರುಚುರು ಅನ್ನುತ್ತದೆ, ಒಳಗೆ ಮೆತ್ತಗೇ ಉಳಿದಿರುತ್ತದೆ. ಈ ಐದು ನಿಮಿಷ ಬಿಟ್ಟರೆ ಅದು ಬರೀ ಬೇಯಿಸಿದ ಮಾಂಸ. ಸಾಸ್ ವಿಚಾರದಲ್ಲಿ ನನ್ನ ಮತ ಅಮೆರಿಕದ ಉತ್ತರ ಕ್ಯಾರೊಲಿನಾದ ಪೂರ್ವ ಭಾಗದವರ ಕಡೆಗೆ: ವಿನೆಗರ್, ಕೆಂಪು ಮೆಣಸಿನಕಾಯಿ ಚೂರು, ಉಪ್ಪು. ಇಷ್ಟು ಕೊಬ್ಬಿರುವ ಮಾಂಸಕ್ಕೆ ಹುಳಿ ಬೇಕೇ ಬೇಕು, ಸಿಹಿ ಸಾಸ್ ಅದನ್ನು ಇನ್ನಷ್ಟು ಭಾರ ಮಾಡುತ್ತದೆ.

ಬಾಳಿಕೆಯ ಬಗ್ಗೆ ದೂರಿಲ್ಲ. ಬಿಸಿ ಪಿಂಗಾಣಿಗೆ ತಣ್ಣೀರು ಸೋಕಿಸಬಾರದು, ಬಿರುಕು ಬಿಡುತ್ತದೆ. ಫ್ರೀಜರ್‌ನಿಂದ ತೆಗೆದ ಮಾಂಸವನ್ನು ಗಟ್ಟಿಯಾಗಿರುವಾಗಲೇ ಹಾಕಬಾರದು, ಬೆಚ್ಚಗಾಗುವಷ್ಟರಲ್ಲಿ ಬ್ಯಾಕ್ಟೀರಿಯಾ ಬೆಳೆಯಲು ಸಮಯ ಸಿಕ್ಕಿಬಿಡುತ್ತದೆ. ಹಳೆಯದಾದ ಕುಕ್ಕರನ್ನು ಆಗಾಗ ಪರೀಕ್ಷಿಸುವುದೂ ಒಳ್ಳೆಯದು: ಅರ್ಧ ಪಾತ್ರೆ ನೀರು ತುಂಬಿ, ಮುಚ್ಚಿ, ಲೋನಲ್ಲಿ ಎಂಟು ಗಂಟೆ ಬಿಡಿ. ಮುಚ್ಚಳ ತೆಗೆದ ಕೂಡಲೇ ಅಳೆದರೆ ನೀರು 85ರಿಂದ 93 ಡಿಗ್ರಿ ಇರಬೇಕು. ಅದಕ್ಕಿಂತ ಕಡಿಮೆ ಇದ್ದರೆ ಆ ಕುಕ್ಕರಿನಲ್ಲಿ ಮಾಂಸ ಬೇಯಿಸಬೇಡಿ. ನನ್ನದು ಇವತ್ತಿಗೂ ಪಾಸಾಗುತ್ತಿದೆ.

ಉಳಿದದ್ದನ್ನು ಕುಕ್ಕರಿನಲ್ಲೇ ಬಿಡದೆ ಆಳವಿಲ್ಲದ ಡಬ್ಬಿಗೆ ಹಾಕಿ ಎರಡು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿ, ರಸದ ಸಮೇತ. ಮತ್ತೆ ಬಿಸಿ ಮಾಡುವುದು ಒಲೆಯ ಮೇಲೆ. ಸ್ಲೋ ಕುಕ್ಕರ್ ಆ ಕೆಲಸಕ್ಕೆ ತೀರಾ ನಿಧಾನ.